ಮಾತಿಲ್ಲದ ಏಳು ತಿಂಗಳು

ಹೋದ ತಿಂಗಳು ದಾವಣಗೆರೆಯಲ್ಲಿ ನೆಂಟರ ಮನೆಯ ತೊಟ್ಟಿಲು ಕಾರ್ಯ ಇತ್ತು. ಊಟ ಆದ ಮೇಲೆ ಹೆಂಗಸರೆಲ್ಲ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಹಜಾರದಲ್ಲಿ ಕೂತಿದ್ದೆವು. ಮಾತು ಅಲ್ಲಿ ಇಲ್ಲಿ ಸುತ್ತಿ ನಮ್ಮಣ್ಣನ ಹತ್ತಿರ ಬಂತು. ಅಣ್ಣ ಅಂದರೆ ದೊಡ್ಡವ್ವನ ಮಗ. ಒಂದೇ ಮನೆಯಲ್ಲಿ ಬೆಳೆದವರು ನಾವು. ಸೋದರತ್ತೆ ಒಬ್ಬರು ಹೇಳಿದರು: "ಮೊದಲನೇ ಸಲ ಅದನ್ನ ಬಿಟ್ಟಾಗ ಎಷ್ಟು ಚೆನ್ನಾಗಿ ಸುಧಾರಿಸಿದ್ದ ಅಲ್ವಾ? ಏಳು ತಿಂಗಳು ಒಬ್ಬರಿಗೂ ಎದುರು ಮಾತಾಡಲಿಲ್ಲ. ಹೇಳಿದ ಕೆಲಸ ಮಾಡ್ತಿದ್ದ, ಹಾಕಿದ್ದು ಉಣ್ತಿದ್ದ, ಸುಮ್ನೆ ಮಲಗ್ತಿದ್ದ. ಆಮೇಲೆ ಅದೇನು ಬುದ್ಧಿ ಕೆಟ್ಟಿತೋ." ಎಲ್ಲರೂ ಹೌದು ಹೌದು ಅಂದರು. ದೊಡ್ಡವ್ವ ಮಾತ್ರ ಅಡಿಕೆ ಕತ್ತರಿಸುತ್ತಾ ತಲೆ ಎತ್ತಲಿಲ್ಲ.

'ಅದು' ಅಂದರೆ ಬ್ರೌನ್ ಶುಗರ್. ನಮ್ಮ ಮನೆಯಲ್ಲಿ ಇಷ್ಟು ವರ್ಷದಲ್ಲಿ ಯಾರೂ ಹೆಸರು ಹಿಡಿದು ಹೇಳಿದ್ದಿಲ್ಲ. ಹೆರಾಯಿನ್ ಅಂದರೆ ಸಿನಿಮಾದವರ ಸಮಾಚಾರ ಅನ್ನಿಸುತ್ತೆ. ಬ್ರೌನ್ ಶುಗರ್ ಅಂದರೂ ಅದೇ, ಶುದ್ಧ ಮಾಡದೆ ಏನೇನೋ ಬೆರೆಸಿ ಬೀದಿಗೆ ಬರೋ ಹೆರಾಯಿನ್. ನಾನು ಇಲ್ಲಿ ಹೆಸರು ಹಿಡಿದೇ ಬರೆಯುತ್ತೇನೆ.

ಚಿತ್ರದುರ್ಗಕ್ಕೆ ವಾಪಸ್ ಬರೋ ಬಸ್ಸಿನಲ್ಲಿ ಅತ್ತೆಯ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಭರಮಸಾಗರ ದಾಟಿತು, ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಕಾಣಿಸಿದವು, ಆಗಲೂ ಅದೇ. ಆ ಏಳು ತಿಂಗಳಲ್ಲಿ ವಾರಕ್ಕೊಮ್ಮೆ ಆ ಮನೆಗೆ ಹೋಗಿ ಬರುತ್ತಿದ್ದವಳು ನಾನು. ನನಗೂ ಆಗ ಅತ್ತೆಗೆ ಅನ್ನಿಸಿದ್ದೇ ಅನ್ನಿಸಿತ್ತು. ಅಣ್ಣ ಸುಧಾರಿಸಿದ ಅಂತ ನಾನೇ ಎಷ್ಟೋ ಜನಕ್ಕೆ ಹೇಳಿದ್ದೆ. ಅವನು ಮಾತಾಡದೆ ಇದ್ದದ್ದನ್ನು ನಾವು ಒಳ್ಳೆಯ ನಡತೆ ಅಂದುಕೊಂಡೆವು. ಅವನು ಕಾಯಿಲೆ ಬಿದ್ದಿದ್ದ. ನಮಗೆ ಗೊತ್ತಾಗಲಿಲ್ಲ.

ಮಾಳಿಗೆ ಮೇಲಿನ ಹುಡುಗ

ಇದು ಶುರುವಾಗಿದ್ದು ಮುಂಬೈಯಲ್ಲಿ ಅಂತ ನಮ್ಮನೆಯವರು ಹೇಳುತ್ತಾರೆ. ನಾನು ಹಾಗೆ ಹೇಳೋದನ್ನು ಬಿಟ್ಟು ಹನ್ನೆರಡು ವರ್ಷವಾಯಿತು. ನನ್ನ ನೆನಪಿನಲ್ಲಿ ಇದು ಶುರುವಾಗೋದು 1992ರಲ್ಲಿ, ದೊಡ್ಡಪ್ಪ ಕೆಲಸ ಮಾಡುತ್ತಿದ್ದ ಕಾಟನ್ ಮಿಲ್ಲು ಬಾಗಿಲು ಹಾಕಿದ ವರ್ಷ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರಿನಲ್ಲಿ ಮಿಲ್ಲುಗಳು ಒಂದೊಂದಾಗಿ ನಿಂತಾಗ ಎಷ್ಟು ಮನೆಗಳಲ್ಲಿ ಏನೇನಾಯಿತು ಅನ್ನೋದು ದಾವಣಗೆರೆಯವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ಆಗಿದ್ದಿಷ್ಟು. ಮಿಲ್ಲಿನ ಕೂಗು ನಿಂತಿತು. ದೊಡ್ಡಪ್ಪ ಬೆಳಿಗ್ಗೆ ಅದೇ ಹೊತ್ತಿಗೆ ಎದ್ದು, ಸ್ನಾನ ಮಾಡಿ, ಅಂಗಿ ಹಾಕಿಕೊಂಡು ಕಟ್ಟೆ ಮೇಲೆ ಕೂರುತ್ತಿದ್ದರು. ಒಂದು ವರ್ಷ ಹೀಗೆ ಕೂತರು. ಆಮೇಲೆ ಒಂದು ರಾತ್ರಿ ಎದೆನೋವು ಬಂದು ಹೋಗಿಬಿಟ್ಟರು.

ಮಿಲ್ಲು ನಿಂತಾಗ ಅಣ್ಣನಿಗೆ ಹದಿನೇಳು, ಪಿಯುಸಿ ಓದುತ್ತಿದ್ದ. ನನಗೆ ಹನ್ನೆರಡು. ಕಾಲೇಜಿಗೆ ಹೋಗುತ್ತೇನೆ ಅಂತ ಹೊರಟವನು ಹಿಂದಿನ ಮೆಟ್ಟಿಲಿನಿಂದ ಮಾಳಿಗೆ ಹತ್ತಿ ಮಲಗಿಬಿಡುತ್ತಿದ್ದ. ನೀರಿನ ತೊಟ್ಟಿಯ ನೆರಳಿನಲ್ಲಿ ಒಂದು ಹಳೇ ಗೋಣಿಚೀಲ ಹಾಸಿಕೊಂಡು, ಗೋಡೆ ಕಡೆ ಮುಖ ಮಾಡಿ. ಮನೆಯಲ್ಲಿ ಮೊದಲು ಗೊತ್ತಾಗಿದ್ದು ನನಗೆ. ಗೊತ್ತಾದ ಮೇಲೆ ಊಟ ಕೊಟ್ಟು ಬರೋ ಕೆಲಸವೂ ನನಗೇ ಬಂತು. ರೊಟ್ಟಿ ಪಲ್ಯದ ತಟ್ಟೆ ಪಕ್ಕದಲ್ಲಿಟ್ಟು ಬರುತ್ತಿದ್ದೆ. ಸಂಜೆ ಹೋದರೆ ರೊಟ್ಟಿಗೆ ಇರುವೆ ಮುತ್ತಿರುತ್ತಿತ್ತು. ಅಣ್ಣ ಅದೇ ಮಗ್ಗುಲಲ್ಲಿ ಇರುತ್ತಿದ್ದ. "ಊಟ ಯಾಕೆ ಮಾಡಲಿಲ್ಲ?" ಅಂದರೆ "ಮರ್ತೆ" ಅನ್ನುತ್ತಿದ್ದ. ಊಟ ಮರೆಯೋದು ಅಂದರೆ ಹೇಗೆ ಅಂತ ನನಗೆ ಆಗ ತಿಳಿಯುತ್ತಿರಲಿಲ್ಲ.

ಮನೆಯವರು ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು. ಮೈಗಳ್ಳ ಅಂದರು. ಅಪ್ಪ ಹೋದ ಮೇಲೂ ಜವಾಬ್ದಾರಿ ಬರಲಿಲ್ಲ ಅಂದರು. ಗಾಳಿ ಸೋಕಿದೆ ಅಂತ ಯಾರೋ ಹೇಳಿ ತೋಳಿಗೆ ಅಂತ್ರ ಕಟ್ಟಿಸಿದರು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಅಂತ ಒಬ್ಬರೂ ಹೇಳಲಿಲ್ಲ. ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಎಂಬತ್ತರ ದಶಕದಲ್ಲೇ ನಿಮ್ಹಾನ್ಸ್‌ನವರು ಊರೂರಿನ ಸರ್ಕಾರಿ ಡಾಕ್ಟರುಗಳಿಗೆ ಮನಸ್ಸಿನ ಕಾಯಿಲೆ ಗುರುತಿಸೋದನ್ನು ಕಲಿಸುತ್ತಿದ್ದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ಆ ಪ್ರಯೋಗದಿಂದ. ಇದನ್ನು ನಾನು ಓದಿದ್ದು ತೀರಾ ಈಚೆಗೆ. ಓದಿದ ದಿನ ನಿದ್ದೆ ಬರಲಿಲ್ಲ. ಅಷ್ಟು ಹತ್ತಿರದಲ್ಲಿತ್ತು.

ಒಂದು ಮಾತು ಇಲ್ಲಿ ಹೇಳಬೇಕು. ನಮಗೆ ಆಗ ಅದನ್ನು ಕರೆಯೋಕೆ ಪದವೇ ಇರಲಿಲ್ಲ. ಖಿನ್ನತೆ ಅನ್ನೋದು ಪೇಪರಿನ ಪದ, ಮನೆಯಲ್ಲಿ ಯಾರ ಬಾಯಿಗೂ ಹತ್ತದು. ಬೇಜಾರು ಅನ್ನುತ್ತೇವೆ. ಬಸ್ಸು ತಪ್ಪಿದರೂ ಬೇಜಾರು, ಮಗ ಸತ್ತರೂ ಬೇಜಾರು. ನಮ್ಮ ಕಡೆಯ ಇನ್ನೊಂದು ಮಾತಿದೆ, ಮಂಕು ಕವಿದಿದೆ ಅನ್ನೋದು. ದೊಡ್ಡವ್ವ ಒಂದು ಸಲ ಅಂದಿದ್ದಳು, "ನಮ್ಮ ಹುಡುಗನಿಗೆ ಮಂಕು ಕವಿದೈತೆ." ಎಲ್ಲರಿಗಿಂತ ಹತ್ತಿರ ಬಂದದ್ದು ಅವಳೇ. ಓದು ಬರಹ ಬರದ ದೊಡ್ಡವ್ವ.

1995ರಲ್ಲಿ ಅಣ್ಣ ಮುಂಬೈಗೆ ಹೋದ. ಮೊದಲು ಹೋಟೆಲ್ಲಿನಲ್ಲಿ ತಟ್ಟೆ ಎತ್ತಿದ, ಆಮೇಲೆ ಲಾರಿಯಲ್ಲಿ ಕ್ಲೀನರ್, ಆಮೇಲೆ ಡ್ರೈವರ್. ಬ್ರೌನ್ ಶುಗರ್ ಬಂದದ್ದು 1999ರಲ್ಲಿ. ಅಲ್ಲಿ ಅದಕ್ಕೆ ಗರ್ದ್ ಅನ್ನುತ್ತಾರಂತೆ. ರಾತ್ರಿ ಗಾಡಿ ಓಡಿಸಿ ಬಂದ ಮೇಲೆ ಜೊತೆಗಿದ್ದವನೊಬ್ಬ ಕೊಟ್ಟ.

ಅದರ ಮಾರನೇ ದಿನ ಅಣ್ಣ ಎಸ್‌ಟಿಡಿ ಬೂತಿನಿಂದ ಪಕ್ಕದ ಮನೆಗೆ ಫೋನ್ ಮಾಡಿದ. ದೊಡ್ಡವ್ವ ಓಡಿಹೋಗಿ ಮಾತಾಡಿದಳು. ಮಗ ಅರ್ಧ ಗಂಟೆ ಮಾತಾಡಿದನಂತೆ. ಮನೆಯ ಎಮ್ಮೆ ಹೇಗಿದೆ ಕೇಳಿದ, ಹಬ್ಬಕ್ಕೆ ಏನು ಮಾಡಿದಿರಿ ಕೇಳಿದ, ನಕ್ಕ. ದೊಡ್ಡವ್ವ ಇವತ್ತಿಗೂ ಆ ಫೋನ್ ನೆನೆಸಿಕೊಳ್ಳುತ್ತಾಳೆ. "ಅವನಪ್ಪ ಹೋದ ಮೇಲೆ ಅಷ್ಟು ನಗುನಗುತಾ ಮಾತಾಡಿದ್ದು ಅದೊಂದೇ ದಿನ" ಅನ್ನುತ್ತಾಳೆ. ಆ ದಿನ ಯಾವುದು ಅಂತ ಅಣ್ಣ ನನಗೆ ಹೇಳಿದ್ದಾನೆ. ದೊಡ್ಡವ್ವನಿಗೆ ನಾನು ಹೇಳಿಲ್ಲ. ಹೇಳೋದೂ ಇಲ್ಲ.

ಅಣ್ಣ ಹೇಳಿದ್ದು ಹೀಗೆ: "ಮಜಾ ಬಂತು ಅಂತ ಎಲ್ಲಾರೂ ತಿಳ್ಕೋತಾರವ್ವ. ಮಜಾ ಏನಲ್ಲ ಅದು. ಎದೆ ಮೇಲೆ ಒಂದು ಹತ್ತಿ ಅಂಡಿಗೆ ಇಟ್ಟಂಗೆ ಇತ್ತು, ಏಳು ವರ್ಷದಿಂದ. ಅದನ್ನ ಯಾರೋ ಇಳಿಸಿದಂಗಾತು. ಅದು ಅಲ್ಲಿತ್ತು ಅಂತ ನನಗೆ ಗೊತ್ತಾಗಿದ್ದೇ ಅವತ್ತು."

ಆಣೆ

2012ರಲ್ಲಿ ಅವನನ್ನು ಊರಿಗೆ ಕರೆತಂದೆವು. ಕೆಲಸ ಹೋಗಿತ್ತು, ಹಲ್ಲು ಹಾಳಾಗಿತ್ತು, ನಲವತ್ತಾರು ಕೆಜಿ ಇದ್ದ. ಮೊದಲು ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದೆವು. ಯಾವ ಊರಿನದು ಅಂತ ಬರೆಯೋದಿಲ್ಲ. ಮೂರು ತಿಂಗಳು ಇಟ್ಟುಕೊಂಡರು. ಮೊದಲ ವಾರದ ಸಂಕಟವನ್ನು ಅಣ್ಣ ಟರ್ಕಿ ಅನ್ನುತ್ತಾನೆ, ಮುಂಬೈಯ ಮಾತು. ಬಿಟ್ಟ ಆರರಿಂದ ಹನ್ನೆರಡು ಗಂಟೆಯೊಳಗೆ ಶುರುವಾಗುತ್ತೆ. ಆಕಳಿಕೆ, ಮೂಗು ಸೋರೋದು, ಮೈ ಜುಮ್ಮೆನ್ನೋದು, ಕಾಲು ಸೆಳೆತ, ಭೇದಿ. ಎರಡು ಮೂರನೇ ದಿನ ಜಾಸ್ತಿ. ವಾರದಲ್ಲಿ ಇಳಿಯುತ್ತೆ. ಮೂರು ತಿಂಗಳಾದ ಮೇಲೆ ಕೇಂದ್ರದವರು "ದೇಹ ಕ್ಲೀನ್ ಆಗಿದೆ, ಇನ್ನೇನಿದ್ದರೂ ಮನಸ್ಸು ಗಟ್ಟಿ ಮಾಡ್ಕೋಬೇಕು ಅಷ್ಟೇ" ಅಂತ ಹೇಳಿ ಕಳಿಸಿದರು. ಆ 'ಅಷ್ಟೇ' ಅನ್ನೋ ಮಾತನ್ನು ನಾವೆಲ್ಲ ನಂಬಿದೆವು.

ಊರಿಗೆ ಬಂದ ಮೊದಲ ಮಂಗಳವಾರ ದುಗ್ಗಮ್ಮನ ಗುಡಿಗೆ ಹೋದೆವು. ದೊಡ್ಡವ್ವ ಹರಕೆ ಹೊತ್ತಿದ್ದಳು. ಜನ ಬಹಳ ಇದ್ದರು. ಬೇವಿನ ಸೊಪ್ಪು, ಕಾಯಿ ಒಡೆಯೋ ಸದ್ದು, ಊದಿನಕಡ್ಡಿ ಹೊಗೆ. ದೊಡ್ಡವ್ವ ಅಣ್ಣನ ಬಲಗೈ ಹಿಡಿದು ತನ್ನ ತಲೆ ಮೇಲೆ ಇಟ್ಟುಕೊಂಡಳು. "ಅವ್ವನ ಎದುರಿಗೆ ಹೇಳು, ಇನ್ನು ಮುಟ್ಟೋದಿಲ್ಲ ಅಂತ ಹೇಳು" ಅಂದಳು. ಅಣ್ಣ ಹೇಳಿದ. ಮೂವತ್ತೇಳು ವರ್ಷದ ಗಂಡಸು, ಅಷ್ಟು ಜನರ ನಡುವೆ, ತಾಯಿಯ ತಲೆ ಮೇಲೆ ಕೈಯಿಟ್ಟು. ನಾನು ಅವನ ಮುಖ ನೋಡುತ್ತಿದ್ದೆ. ಅಳುತ್ತಾನೆ ಅಂದುಕೊಂಡಿದ್ದೆ. ಅಳಲಿಲ್ಲ. ಮುಖದಲ್ಲಿ ಏನೂ ಇರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ಕೊಡೋ ಹಾಗೆ ಆಣೆ ಮಾಡಿದ. ನಾನು ಅದನ್ನು ಗಟ್ಟಿತನ ಅಂದುಕೊಂಡೆ.

ಆ ಆಣೆಯನ್ನು ಅವನು ಏಳು ತಿಂಗಳು ಉಳಿಸಿಕೊಂಡ. ಇದನ್ನು ನಮ್ಮ ನೆಂಟರು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಮೈಯಲ್ಲಿ ಶಕ್ತಿ ಇಲ್ಲದೆ, ಒಂದು ದಿನವೂ ಖುಷಿ ಇಲ್ಲದೆ, ಬರೀ ತಾಯಿಯ ತಲೆಯ ಮೇಲಿನ ಆಣೆಯ ಬಲದಿಂದ ಏಳು ತಿಂಗಳು. ದೊಡ್ಡವ್ವ ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಒಂದು ಕುಂಕುಮದ ಬೊಟ್ಟು ಇಡುತ್ತಿದ್ದಳು. ನಾವು ಹೋದಾಗಲೆಲ್ಲ ಬೊಟ್ಟು ಎಣಿಸುತ್ತಿದ್ದೆವು.

ಎಣಿಸದೆ ಬಿಟ್ಟದ್ದು ಬೇರೆ ಇತ್ತು. ಅವನು ರಾತ್ರಿ ಮೂರಕ್ಕೆ ಎದ್ದು ಹಿತ್ತಲ ಬಾಗಿಲಲ್ಲಿ ಕೂರುತ್ತಿದ್ದ. ಊಟ ಹೇಗಿದೆ ಅಂದರೆ ಹ್ಞೂ ಅನ್ನುತ್ತಿದ್ದ, ಸಾರಿಗೆ ಉಪ್ಪು ಹಾಕೋದು ಮರೆತ ದಿನವೂ ಹ್ಞೂ ಅಂದ. ಕ್ರಿಕೆಟ್ ಅಂದರೆ ಪ್ರಾಣ ಬಿಡುತ್ತಿದ್ದವನು ಟಿವಿ ಮುಂದೆ ಕೂತು ಗೋಡೆ ನೋಡುತ್ತಿದ್ದ. ಯಾರನ್ನೂ ಏನೂ ಕೇಳಲಿಲ್ಲ. ಒಂದು ಲೋಟ ನೀರು ಕೊಡು ಅಂತಲೂ ಕೇಳಲಿಲ್ಲ, ಎಲ್ಲಿಗೂ ಜೊತೆಗೆ ಬಾ ಅನ್ನಲಿಲ್ಲ. ಒಮ್ಮೆ ನನ್ನ ಹತ್ತಿರ ಮಾತ್ರ "ಇದೆಲ್ಲ ಯಾವಾಗ ಮುಗಿಯುತ್ತವ್ವ" ಅಂದ. "ಒಂದು ವರ್ಷ ದಾಟಿದರೆ ಆಸೆ ಪೂರ್ತಿ ಹೋಗುತ್ತಂತೆ ಅಣ್ಣ" ಅಂದೆ. ಅವನು ಕೇಳಿದ್ದು ಆಸೆಯ ವಿಷಯ ಅಲ್ಲ. ಈಗ ಗೊತ್ತಾಗುತ್ತೆ.

ಎಂಟನೇ ತಿಂಗಳ ಶುರುವಿನಲ್ಲಿ ಪರಿಚಯದವರ ಲಾರಿ ಹತ್ತಿ ಪುಣೆಗೆ ಹೋದ. ಅಲ್ಲಿ ತಗೊಂಡ. ಹಿಂದೆ ಎಷ್ಟು ತಗೊಳ್ಳುತ್ತಿದ್ದನೋ ಅಷ್ಟೇ. ಮುಂಚೆ ಅಷ್ಟಕ್ಕೆ ಏನೂ ಆಗುತ್ತಿರಲಿಲ್ಲ, ಮೈ ಒಗ್ಗಿಹೋಗಿತ್ತು. ಬಿಟ್ಟು ಕೆಲವು ವಾರ ಕಳೆದರೆ ಆ ಒಗ್ಗಿಕೆ ಹೋಗಿಬಿಡುತ್ತೆ. ಅದಕ್ಕೇ ಹೆರಾಯಿನ್ ಬಳಸೋರಿಗೆ ಆಸ್ಪತ್ರೆಯಿಂದಲೋ ಜೈಲಿನಿಂದಲೋ ಹೊರಬಂದ ಮೊದಲ ವಾರಗಳಲ್ಲಿ ಸಾಯೋ ಅಪಾಯ ಬಹಳ ಜಾಸ್ತಿ. ಉಸಿರು ನಿಧಾನವಾಗುತ್ತಾ ಆಗುತ್ತಾ ನಿಂತುಬಿಡುತ್ತೆ. ಅಣ್ಣನ ತುಟಿ ನೀಲಿಯಾಗಿದ್ದನ್ನು ಕ್ಲೀನರ್ ಹುಡುಗ ನೋಡಿ, ಹೊತ್ತುಕೊಂಡು ಹೋಗಿ ಆಸ್ಪತ್ರೆಗೆ ಹಾಕಿದ. ನಾಲಾಕ್ಸೋನ್ ಅನ್ನೋ ಇಂಜೆಕ್ಷನ್ ಕೊಟ್ಟರು, ಉಸಿರು ಬಂತು. ಆ ಹುಡುಗ ಯಾರೋ, ಈಗ ಎಲ್ಲಿದ್ದಾನೋ. ನಮ್ಮ ಮನೆಯ ದೀಪ ಉಳಿಸಿದವನು ಅವನು.

ಟ್ಯಾಂಕರ್ ಬಂದ ಊರು

ಅವತ್ತಿನಿಂದ ನಾನು ಇದರ ಬಗ್ಗೆ ಓದೋಕೆ ಶುರುಮಾಡಿದೆ. ನಾನು ಡಾಕ್ಟರಲ್ಲ, ಶಾಲೆಯ ಟೀಚರ್. ತಿಳಿದಷ್ಟನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ನಮ್ಮ ಮೆದುಳು ನೋವು ತಡೆಯೋ, ಮನಸ್ಸಿಗೆ ಸಮಾಧಾನ ಕೊಡೋ ಕೆಲವು ರಾಸಾಯನಿಕಗಳನ್ನು ತಾನೇ ತಯಾರಿಸಿಕೊಳ್ಳುತ್ತೆ. ಅಫೀಮು, ಮಾರ್ಫಿನ್, ಹೆರಾಯಿನ್ ಎಲ್ಲ ಮೆದುಳಿನಲ್ಲಿ ಹೋಗಿ ಕೂರೋ ಜಾಗವನ್ನು 1973ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಗಸಗಸೆ ಗಿಡದ ಹಾಲಿಗಾಗಿ ಮನುಷ್ಯನ ಮೆದುಳಿನಲ್ಲಿ ಜಾಗ ಯಾಕಿರಬೇಕು ಅಂತ ಹುಡುಕುತ್ತಾ ಹೋದಾಗ 1975ರಲ್ಲಿ ದೇಹದ್ದೇ ಆದ ಎನ್ಕೆಫಲಿನ್ ಸಿಕ್ಕಿತು, ಆಮೇಲೆ ಎಂಡಾರ್ಫಿನ್. ತಾಯಿ ತಲೆ ಸವರಿದರೆ ಆಗೋ ನೆಮ್ಮದಿಯಲ್ಲಿ, ಬಿಸಿ ಊಟ ಹೊಟ್ಟೆಗಿಳಿದಾಗಿನ ಸುಖದಲ್ಲಿ ಇವುಗಳ ಪಾಲಿದೆ. ಹೆರಾಯಿನ್ ಅದೇ ಜಾಗಕ್ಕೆ ಎಷ್ಟೋ ಪಟ್ಟು ಜೋರಾಗಿ ಬಂದು ಬೀಳುತ್ತೆ.

ನಮ್ಮ ಬರಗಾಲದ ಸೀಮೆಯಲ್ಲಿ ಇದನ್ನು ಅರ್ಥ ಮಾಡಿಕೊಳ್ಳೋದು ಸುಲಭ. ಊರಿಗೆ ದಿನಾ ಟ್ಯಾಂಕರ್ ಬರೋಕೆ ಶುರುವಾದರೆ ಬಾವಿ ಕಡೆ ಯಾರು ಹೋಗುತ್ತಾರೆ? ಹೂಳು ತೆಗೆಯೋರಿಲ್ಲ, ಹಗ್ಗ ಕಟ್ಟೋರಿಲ್ಲ. ಎರಡು ವರ್ಷ ಬಿಟ್ಟು ಟ್ಯಾಂಕರ್ ನಿಂತ ದಿನ ಕೊಡ ಹಿಡಿದು ಹೋದರೆ ಬಾವಿಯಲ್ಲಿ ಕೆಸರು. ಹೆರಾಯಿನ್ ಬಿಟ್ಟವನ ಮೊದಲ ತಿಂಗಳುಗಳು ಹಾಗೆ. ಇದರ ಜೊತೆ ಇನ್ನೊಂದು ತೊಂದರೆ ಇದೆ. ದಿನಾ ಅಷ್ಟು ಸುಖ ಸುರಿಯುವಾಗ ಮೆದುಳು ಎದುರು ಕಡೆಗೆ ಎಳೆಯೋಕೆ ನೋಡುತ್ತೆ. ಡೈನಾರ್ಫಿನ್ ಅನ್ನೋ ರಾಸಾಯನಿಕ ಹೆಚ್ಚಾಗುತ್ತೆ, ಅದು ಮನಸ್ಸನ್ನು ಕುಗ್ಗಿಸುತ್ತೆ. ಪುಡಿ ನಿಂತ ಮೇಲೂ ಈ ಎಳೆತ ತಕ್ಷಣ ನಿಲ್ಲೋದಿಲ್ಲ. ಮೈ ಸಂಕಟ ವಾರದಲ್ಲಿ ಹೋದರೂ ನಿದ್ದೆ ಬಾರದಿರೋದು, ಏನೂ ಬೇಡ ಅನ್ನಿಸೋದು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತೆ.

ಬಹಳ ಜನರಿಗೆ ಬಾವಿಯಲ್ಲಿ ಮತ್ತೆ ನೀರು ಬರುತ್ತೆ. ಇದನ್ನೂ ಹೇಳಲೇಬೇಕು. ಬಿಟ್ಟ ಕೆಲವು ವಾರದಲ್ಲಿ ಮಂಕು ತಾನಾಗೇ ತಿಳಿಯಾಗೋರು ಬೇಕಾದಷ್ಟು ಮಂದಿ. ಅದಕ್ಕೇ ಡಾಕ್ಟರುಗಳು ಸುಮಾರು ಒಂದು ತಿಂಗಳು ನೋಡಿ, ಆಮೇಲೂ ಹಾಗೇ ಇದ್ದರೆ ಖಿನ್ನತೆ ಬೇರೆಯಾಗಿಯೇ ಇದೆ ಅಂತ ತೀರ್ಮಾನಕ್ಕೆ ಬರುತ್ತಾರೆ. ಆದರೆ ಕೆಲವರ ಬಾವಿ ಟ್ಯಾಂಕರ್ ಬರೋಕೆ ಮುಂಚೆಯೇ ಬತ್ತಿರುತ್ತೆ. 2001ರ ಸುಮಾರಿಗೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹೆರಾಯಿನ್ ಬಳಸುವ 615 ಜನರನ್ನು ಹತ್ತಿರದಿಂದ ನೋಡಿದ ಒಂದು ದೊಡ್ಡ ಅಧ್ಯಯನದಲ್ಲಿ ಕಾಲು ಭಾಗದಷ್ಟು ಜನರಿಗೆ ಆ ಹೊತ್ತಿನಲ್ಲಿ ತೀವ್ರ ಖಿನ್ನತೆ ಇತ್ತು. ನಾಲ್ಕು ಜನರಲ್ಲಿ ಒಬ್ಬರು. ಆ ಒಬ್ಬ ನಮ್ಮ ಮನೆಯಲ್ಲಿದ್ದ.

ಅಮೆರಿಕದ ಇನ್ನೊಂದು ಕಥೆ ನನ್ನನ್ನು ಬಹಳ ಕಾಡಿದೆ. ವಿಯೆಟ್ನಾಂ ಯುದ್ಧಕ್ಕೆ ಹೋದ ಎಷ್ಟೋ ಸೈನಿಕರು ಅಲ್ಲಿ ಹೆರಾಯಿನ್‌ಗೆ ಬಿದ್ದರು. 1971ರಲ್ಲಿ ಇವರೆಲ್ಲ ವಾಪಸ್ ಬಂದರೆ ಊರಿನ ಗತಿಯೇನು ಅಂತ ಸರ್ಕಾರಕ್ಕೆ ಹೆದರಿಕೆ ಹುಟ್ಟಿತು. ಲೀ ರಾಬಿನ್ಸ್ ಅನ್ನೋ ಸಂಶೋಧಕಿ ಅವರನ್ನು ಹಿಂಬಾಲಿಸಿ ನೋಡಿದರೆ, ಮನೆ ಸೇರಿದ ಮೇಲೆ ಮತ್ತೆ ಹೆರಾಯಿನ್‌ಗೆ ಅಂಟಿಕೊಂಡವರು ಬಹಳ ಕಡಿಮೆ. ಜಾಗ ಬದಲಾಯಿತು, ಯುದ್ಧ ಹಿಂದೆ ಉಳಿಯಿತು, ಹೆಚ್ಚಿನವರು ಬಿಟ್ಟರು. ನಾವೂ ಇದನ್ನೇ ನಂಬಿದ್ದೆವು, ಲೀ ರಾಬಿನ್ಸ್ ಹೆಸರು ಕೇಳದೆಯೇ. ಮುಂಬೈ ಬಿಡಿಸಿ ಊರಿಗೆ ತಂದರೆ ಸರಿಹೋಗುತ್ತಾನೆ ಅಂದುಕೊಂಡೆವು. ಆ ಸೈನಿಕರು ಯುದ್ಧದಿಂದ ಮನೆಗೆ ಬಂದರು. ಅಣ್ಣ ಬಂದದ್ದು ಅದೇ ಮನೆಗೆ, ಅದೇ ಕಟ್ಟೆಗೆ, ಅದೇ ಮಾಳಿಗೆಗೆ. ಅವನ ಯುದ್ಧ ಇದ್ದದ್ದು ಇಲ್ಲೇ ಅಂತ ನಮಗೆ ಹೊಳೆಯಲಿಲ್ಲ.

ಎರಡು ಗೆರೆ

ಪುಣೆಯಿಂದ ಬಂದ ಮೇಲೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. 2013. ರಾತ್ರಿ ಬಸ್ಸಿನಲ್ಲಿ ಹೋಗಿ, ಬೆಳಿಗ್ಗೆ ಸರತಿಯಲ್ಲಿ ನಿಂತು, ಮಧ್ಯಾಹ್ನದ ಹೊತ್ತಿಗೆ ಒಳಗೆ ಕರೆದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಅಂತೆಲ್ಲ ಕೇಳಿ ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು: "ಇದನ್ನ ಮುಟ್ಟೋಕೆ ಮುಂಚೆ, ಹುಡುಗರಾಗಿದ್ದಾಗ, ಹೇಗಿದ್ರಿ ನೀವು?"

ಅಣ್ಣ ತಲೆ ತಗ್ಗಿಸಿದ. ದೊಡ್ಡವ್ವ "ಚೆನ್ನಾಗೇ ಇದ್ದ ಡಾಕ್ಟ್ರೇ, ಮುಂಬೈಗೆ ಹೋಗಿ ಕೆಟ್ಟ" ಅಂದಳು. ಡಾಕ್ಟರಮ್ಮ ಅವಳ ಕಡೆ ತಿರುಗಿ ಮೆಲ್ಲಗೆ "ಅಮ್ಮಾ, ಅವರೇ ಹೇಳಲಿ" ಅಂದರು. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಹೊರಗೆ ಯಾರದೋ ಹೆಸರು ಕೂಗುತ್ತಿದ್ದರು. ಕೊನೆಗೆ ಅಣ್ಣ ನನ್ನ ಕಡೆ ನೋಡಿದ. "ಇವಳಿಗೆ ಗೊತ್ತೈತೆ" ಅಂದ.

ಮಾಳಿಗೆಯ ಕಥೆ ನಾನು ಹೇಳಿದೆ. ಇರುವೆ ಮುತ್ತಿದ ರೊಟ್ಟಿಯ ಕಥೆ ಹೇಳಿದೆ. ಡಾಕ್ಟರಮ್ಮ ಒಂದು ಬಿಳಿ ಹಾಳೆ ತಗೊಂಡು ಅಡ್ಡವಾಗಿ ಎರಡು ಗೆರೆ ಎಳೆದರು. ಮೇಲಿನ ಗೆರೆ ಪುಡಿಯದು, ಕೆಳಗಿನದು ಮನಸ್ಸಿನದು ಅಂದರು. ನಾವು ವರ್ಷ ಹೇಳುತ್ತಾ ಹೋದ ಹಾಗೆ ಗುರುತು ಹಾಕಿದರು. ಮೇಲಿನ ಗೆರೆ 1999ಕ್ಕೆ ಶುರುವಾಯಿತು. ಕೆಳಗಿನದು 1992ಕ್ಕೆ. ಮೇಲಿನದು ಏಳು ತಿಂಗಳು ಕಡಿದುಹೋಗಿತ್ತು, ಕೆಳಗಿನದು ಅಲ್ಲೂ ಎಡೆಬಿಡದೆ ನಡೆದಿತ್ತು. ಅಲ್ಲಿ ಇನ್ನೂ ದಪ್ಪ ಮಾಡಿ ಎಳೆದರು. ದೊಡ್ಡವ್ವ ಹಾಳೆಯನ್ನೇ ನೋಡುತ್ತಿದ್ದಳು. ಓದೋಕೆ ಬಾರದವಳಿಗೆ ಆ ಗೆರೆ ಅರ್ಥವಾಯಿತು. "ನಾನು ಮಂಕು ಕವಿದೈತೆ ಅಂದಿದ್ದೆ" ಅಂತ ಮಾತ್ರ ಹೇಳಿದಳು.

ಪುಡಿಯಿಂದ ಮಂಕು ಬಂತಾ, ಮಂಕಿನಿಂದ ಪುಡಿ ಬಂತಾ ಅಂತ ನಾನು ಆ ಡಾಕ್ಟರಮ್ಮನನ್ನು ಕೇಳಿದೆ. ಕೆಲವರಿಗೆ ಹೀಗೆ, ಕೆಲವರಿಗೆ ಹಾಗೆ, ಕೆಲವರಿಗೆ ಎರಡೂ ಕೂಡಿ ಒಂದನ್ನೊಂದು ಬೆಳೆಸುತ್ತವೆ ಅಂದರು. ನಿಮ್ಮಣ್ಣನಿಗೆ ಎರಡನ್ನೂ ಒಟ್ಟಿಗೆ ನೋಡಬೇಕು, ಒಂದನ್ನು ಮುಗಿಸಿ ಇನ್ನೊಂದು ಅಂತ ಕಾಯೋ ಹಾಗಿಲ್ಲ ಅಂದರು. ಒಂದು ಕಾಲದಲ್ಲಿ ಯೂರೋಪಿನ ಡಾಕ್ಟರುಗಳು ಮಂಕು ಕವಿದವರಿಗೆ ಅಫೀಮನ್ನೇ ಔಷಧಿ ಅಂತ ಕೊಡುತ್ತಿದ್ದರಂತೆ. ಹೆರಾಯಿನ್ ಕೂಡ 1898ರಲ್ಲಿ ಬೇಯರ್ ಕಂಪನಿ ಕೆಮ್ಮಿನ ಔಷಧಿ ಅಂತ ಮಾರುಕಟ್ಟೆಗೆ ತಂದದ್ದು. ಅಣ್ಣ ತನ್ನ ಎದೆಯ ಅಂಡಿಗೆ ಇಳಿಸಿಕೊಳ್ಳೋಕೆ ಆ ಹಳೇ ತಪ್ಪು ದಾರಿಯನ್ನೇ ಹಿಡಿದ. ಬೇರೆ ದಾರಿ ಅವನಿಗೆ ಯಾರು ತೋರಿಸಿದ್ದರು?

ಔಷಧಿ ಎರಡು ಬರೆದರು. ಒಂದು ಖಿನ್ನತೆಯದು. ಇನ್ನೊಂದು ನಾಲಿಗೆ ಕೆಳಗೆ ಇಟ್ಟುಕೊಳ್ಳೋ ಬ್ಯುಪ್ರೆನಾರ್ಫಿನ್. ಇದು ಹೆರಾಯಿನ್ ಕೂರೋ ಜಾಗದಲ್ಲೇ ಕೂರುತ್ತೆ, ಆದರೆ ಅರ್ಧ ಮಾತ್ರ ಕೆಲಸ ಮಾಡುತ್ತೆ. ಏರಿಸಿ ಇಳಿಸಿ ಆಡಿಸದೆ ಒಂದೇ ಸಮ ಹಿಡಿದಿಡುತ್ತೆ. ಇಂಥ ಔಷಧಿಯಲ್ಲಿ ಇರೋವಷ್ಟು ಕಾಲ ಸಾವಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತೆ. ಮನೆಗೆ ಬಂದ ಮೇಲೆ ಶುರುವಾಯಿತು ನೆಂಟರ ಮಾತು. ಒಂದು ಬಿಟ್ಟು ಇನ್ನೊಂದು ಹಿಡಿದ, ಜೀವನಪೂರ್ತಿ ಮಾತ್ರೆ ನುಂಗೋದು ಬಿಟ್ಟಂಗೆ ಹೇಗಾಗುತ್ತೆ, ಮನಸ್ಸು ಗಟ್ಟಿ ಇಲ್ಲ ಇವನಿಗೆ. ಹೀಗೆ ಹೇಳಿದವರಲ್ಲಿ ಮೂರು ಜನ ದಿನಾ ಬೆಳಿಗ್ಗೆ ಬಿಪಿ ಮಾತ್ರೆ ತಗೊಳ್ಳೋರು. ಅವರನ್ನು ನೋಯಿಸೋಕೆ ಈ ಮಾತು ಬರೆಯುತ್ತಿಲ್ಲ. ಅವರಿಗೂ ಅಣ್ಣನ ಮೇಲೆ ಪ್ರೀತಿ ಇದೆ. ನಮ್ಮ ಮಾತಿನಲ್ಲೇ ಒಂದು ತೊಡಕಿದೆ ಅನ್ನಿಸುತ್ತೆ ನನಗೆ. ಚಟ ಅನ್ನುತ್ತೇವೆ. ಎಲೆ ಅಡಿಕೆಯೂ ಚಟ, ಇಸ್ಪೀಟೂ ಚಟ, ಹೆರಾಯಿನ್ನೂ ಚಟ. ಚಟ ಅಂದ ತಕ್ಷಣ ಅದು ಗುಣದ ವಿಷಯ ಆಗಿಬಿಡುತ್ತೆ. ಗುಣ ಕೆಟ್ಟವನನ್ನು ಯಾರೂ ಊಟ ರುಚಿಸುತ್ತಾ ಅಂತ ಕೇಳೋದಿಲ್ಲ. ಆಣೆ ಮಾಡಿಸುತ್ತಾರೆ.

2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದಾಗುವ ಮನಸ್ಸಿನ ತೊಂದರೆಯನ್ನು ಕಾಯಿಲೆ ಅಂತಲೇ ಒಪ್ಪುತ್ತೆ. ಪೊಲೀಸರ ಹೆದರಿಕೆಗೆ ಆಸ್ಪತ್ರೆಗೆ ಹೋಗದವರೂ ಇದ್ದಾರೆ. ನಾವೂ ಹೆದರಿದ್ದೆವು. ಮಾದಕ ವಸ್ತುಗಳ ಕಾನೂನಿನಲ್ಲೇ, ಸ್ವಂತ ಬಳಕೆಯ ಇಲ್ಲವೇ ಸಣ್ಣ ಪ್ರಮಾಣದ ಪ್ರಕರಣದವರು ತಾವಾಗಿ ಚಿಕಿತ್ಸೆಗೆ ಮುಂದೆ ಬಂದರೆ ಕೇಸಿನಿಂದ ಬಿಡುಗಡೆ ಕೊಡೋ 64ಎ ಅನ್ನೋ ಕಲಂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಹೊರತಂದ ಸಮೀಕ್ಷೆಯ ಪ್ರಕಾರ ಅಫೀಮು, ಹೆರಾಯಿನ್, ಇಂಥದ್ದೇ ಮಾತ್ರೆಗಳಿಂದ ತೊಂದರೆಗೆ ಬಿದ್ದು ಸಹಾಯ ಬೇಕಾದವರು ದೇಶದಲ್ಲಿ ಸುಮಾರು 77 ಲಕ್ಷ. ಅವರೆಲ್ಲರ ಮನೆಗಳಲ್ಲೂ ಒಂದೊಂದು ಕ್ಯಾಲೆಂಡರ್ ಇರಬಹುದು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಓದುತ್ತಿರೋ ನಿಮ್ಮ ಮನೆಯಲ್ಲಿ ಇಂಥವರಿದ್ದರೆ 14446 ವ್ಯಸನದ ಸಹಾಯವಾಣಿ, 14416 ಟೆಲಿ ಮನಸ್ ಅನ್ನೋ ಮಾನಸಿಕ ಆರೋಗ್ಯದ ಸಹಾಯವಾಣಿ. ಎರಡಕ್ಕೂ ದುಡ್ಡಿಲ್ಲ. ಬದುಕೋದೇ ಬೇಡ ಅನ್ನೋ ಮಾತು ಅವರ ಬಾಯಲ್ಲಿ ಬಂದರೆ ನಾಳೆಗೆ ಇಡಬೇಡಿ, ಒಬ್ಬರನ್ನೇ ಬಿಡಬೇಡಿ.

ಉಪ್ಪು

ಔಷಧಿ ಶುರುವಾದ ಕೂಡಲೇ ಅಣ್ಣ ಎದ್ದು ಓಡಾಡಿದ ಅಂತ ತಿಳಿಯಬೇಡಿ. ಖಿನ್ನತೆಯ ಮೊದಲ ಮಾತ್ರೆ ಅವನಿಗೆ ಹತ್ತಲಿಲ್ಲ, ಬದಲಾಯಿಸಿದರು. ಎರಡು ಸಲ ಮತ್ತೆ ಪುಡಿ ಮುಟ್ಟಿದ. ಎರಡೂ ಸಲ ತಾನೇ ಬಂದು ಹೇಳಿದ. ಹೆರಾಯಿನ್ ಬಳಸೋರ ಖಿನ್ನತೆಗೆ ಬರೀ ಮಾತ್ರೆ ಸಾಕಾಗೋದು ಅಪರೂಪ, ಕೂತು ಮಾತಾಡೋದು, ದಿನಕ್ಕೊಂದು ಕೆಲಸ, ಹೊತ್ತಿಗೆ ನಿದ್ದೆ ಎಲ್ಲ ಬೇಕು ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಮಂಡಕ್ಕಿ ಭಟ್ಟಿಯ ಹತ್ತಿರ ಪರಿಚಯದವರ ಗೋದಾಮಿನಲ್ಲಿ ಲೆಕ್ಕ ಬರೆಯೋ ಕೆಲಸ ಸಿಕ್ಕಿತು. ಸಂಜೆ ಕುಂದವಾಡ ಕೆರೆ ಕಡೆ ನಡೆದು ಬರುತ್ತಿದ್ದ.

ನಾಲ್ಕನೇ ತಿಂಗಳೋ ಐದನೇ ತಿಂಗಳೋ, ಒಂದು ಭಾನುವಾರ ಇಬ್ಬರೂ ಬೆಣ್ಣೆ ದೋಸೆ ತಿನ್ನೋಕೆ ಹೋಗಿದ್ದೆವು. ಹೋಟೆಲ್ ತುಂಬಾ ಜನ. ಕಲ್ಲಿನ ಮೇಲೆ ಬೆಣ್ಣೆ ಸುಡೋ ವಾಸನೆ. ದೋಸೆ ಬಂತು, ಬಿಳಿ ಚಟ್ನಿ, ಆಲೂಗಡ್ಡೆ ಪಲ್ಯ. ಅಣ್ಣ ಒಂದು ತುತ್ತು ಬಾಯಿಗಿಟ್ಟವನು ಹುಬ್ಬು ಗಂಟಿಕ್ಕಿದ. "ಪಲ್ಯಕ್ಕೆ ಉಪ್ಪು ಜಾಸ್ತಿ ಆಗೈತಲ್ಲೇ. ಮೊದಲಿನಂಗೆ ಇಲ್ಲ ಇವರದ್ದು" ಅಂದ. ಬೇಸರದಿಂದಲೇ ಅಂದ. ನನಗೆ ಗಂಟಲು ಕಟ್ಟಿಬಂತು. ಪಲ್ಯ ತಿಂದು ನೋಡಿದೆ, ಉಪ್ಪು ನಿಜವಾಗಿಯೂ ಜಾಸ್ತಿ ಇತ್ತು. ಯಾಕೆ ಅಳ್ತೀಯ ಅಂತ ಕೇಳಿದ. ಹಸಿಮೆಣಸಿನಕಾಯಿ ಅಂದೆ.

ಈಗ ಅವನಿಗೆ ಐವತ್ತು. ಬ್ಯುಪ್ರೆನಾರ್ಫಿನ್ ಬಹಳ ಕಡಿಮೆಗೆ ಇಳಿದಿದೆ, ಪೂರ್ತಿ ನಿಲ್ಲಿಸೋ ಆತುರ ಡಾಕ್ಟರಿಗೂ ಇಲ್ಲ, ನಮಗೂ ಇಲ್ಲ. ದೊಡ್ಡವ್ವನಿಗೆ ಎಂಬತ್ತರ ಹತ್ತಿರ. ಕ್ಯಾಲೆಂಡರಿಗೆ ಬೊಟ್ಟು ಇಡೋದು ಯಾವಾಗಲೋ ಬಿಟ್ಟಳು. ಬದಲಿಗೆ ದಿನಾ ರಾತ್ರಿ ಊಟಕ್ಕೆ ಬಡಿಸುವಾಗ "ಇವತ್ತು ಹೆಂಗಿದ್ದೆ?" ಅಂತ ಕೇಳುತ್ತಾಳೆ. ಹ್ಞೂ ಅಂದರೆ ಬಿಡೋದಿಲ್ಲ.

ತೊಟ್ಟಿಲು ಕಾರ್ಯದ ಮನೆಯಲ್ಲಿ ಅತ್ತೆಗೆ ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು. ಅವನು ಸುಧಾರಿಸಿದ್ದು ಆಗ ಅಲ್ಲ ಅತ್ತೆ, ಪಲ್ಯಕ್ಕೆ ಉಪ್ಪು ಜಾಸ್ತಿ ಅಂದ ದಿನ ಅಂತ ಹೇಳಬೇಕಿತ್ತು.

ಮೊನ್ನೆ ರಾತ್ರಿ ಅಣ್ಣ ಫೋನ್ ಮಾಡಿದ್ದ. ದನಿ ಕೇಳಿದ ತಕ್ಷಣ ಗೊತ್ತಾಯಿತು.

"ಇವತ್ತು ಸರಿ ಇಲ್ಲವ್ವ" ಅಂದ.

"ಏನಾಯ್ತಣ್ಣ?"

"ಏನೂ ಆಗಿಲ್ಲ. ಎರಡು ವಾರದಿಂದ ಹಂಗೇ. ಅದೇ ಅಂಡಿಗೆ."

"ಮಾತ್ರೆ?"

"ತಗೊಂತಿದ್ದೀನಿ. ಮಂಗಳವಾರ ಡಾಕ್ಟರ ಹತ್ತಿರ ಹೋಗ್ತೀನಿ." ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀನು ಬರ್ತೀಯಾ ಜೊತೆಗೆ?"

ಮಂಗಳವಾರ ಶಾಲೆ ಇದೆ, ಪರೀಕ್ಷೆ ಹತ್ತಿರ ಬಂದಿದೆ. ರಜೆ ಅರ್ಜಿ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಆರೂವರೆ ಬಸ್ಸಿಗೆ ಹೊರಟರೆ ಎಂಟರೊಳಗೆ ದಾವಣಗೆರೆಯಲ್ಲಿರುತ್ತೇನೆ.